ಬಳೆಗಾರನ ಮನೆಯ ಕುನ್ನಿ

“ಅಜ್ಜಾರ, ಒಬ್ಬರ ಮನಸ್ಸು ನೋಯಬಾರದಂತ ಒಂದು ಮಾತು ಮುಚ್ಚಿಟ್ಟರ, ಅದೂ ಸುಳ್ಳು ಆಕೈತೇನ್ರಿ?”

ಕೇಳಿದವನು ಮಠದ ಶಿಷ್ಯ ಅಡಿವೆಪ್ಪ. ತನ್ನ ಊರಿಗೆ ಹೋಗಿ ಬಂದಾಗಿನಿಂದ ಅವನ ಮುಖ ಸರಿಯಿರಲಿಲ್ಲ. ಮಠದ ಕಟ್ಟೆಯ ಮೇಲೆ ಕುಳಿತಿದ್ದ ಗುರುಗಳು ಅವನನ್ನು ಒಮ್ಮೆ ನೋಡಿದರು. ಯಾರ ಮನಸ್ಸು, ಯಾವ ಮಾತು ಎಂದು ಕೇಳಲಿಲ್ಲ. ಕೂತುಕೋ ಎಂದು ಕೈ ತೋರಿಸಿ ಕತೆ ಶುರುಮಾಡಿದರು.

ಒಬ್ಬ ಬಳೆಗಾರನಿದ್ದ. ಊರೂರು ತಿರುಗಿ ಹೆಣ್ಣುಮಕ್ಕಳ ಕೈಗೆ ಬಳೆ ತೊಡಿಸುವುದು ಅವನ ಕಸುಬು. ತೊಡಿಸುವಾಗ ಒಂದು ಬಳೆ ಚಟ್ಟೆಂದರೆ ಅವನು ‘ಒಡೆಯಿತು’ ಎನ್ನುತ್ತಿರಲಿಲ್ಲ, ‘ಹೆಚ್ಚಿತು’ ಎನ್ನುತ್ತಿದ್ದ. ಆ ಕಸುಬಿನವರು ಹಾಗೆಯೇ ಅನ್ನಬೇಕು. ಮುತ್ತೈದೆಯ ಮುಂದೆ ಒಡಕಿನ ಮಾತು ಆಡಬಾರದು. ಚೂರನ್ನು ಬೆರಳಿನಲ್ಲೇ ಮರೆಮಾಡಿ ಜೋಳಿಗೆಗೆ ಹಾಕಿಕೊಳ್ಳುತ್ತಿದ್ದ. ಅವಳ ಮುಖ ಸಪ್ಪಗಾಗುವ ಮೊದಲೇ ಅದೇ ಬಣ್ಣದ, ಅದೇ ಅಳತೆಯ ಇನ್ನೊಂದು ಬಳೆ ಅವಳ ಕೈಯಲ್ಲಿರುತ್ತಿತ್ತು. ಇದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಎಷ್ಟೋ ಹೆಂಗಸರಿಗೆ ತಮ್ಮ ಬಳೆ ಹೆಚ್ಚಿದ್ದೇ ತಿಳಿಯುತ್ತಿರಲಿಲ್ಲ.

ಅವನಿಗೆ ಒಬ್ಬಳು ಹೆಂಡತಿ, ಒಬ್ಬಳು ಮಗಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಮಗಳು. ಊಟಕ್ಕೆ ಕರೆದರೆ ಬಾರಳು, ಓಣಿಯ ಮಕ್ಕಳೊಡನೆ ಬೆರೆಯಳು, ಮಾತು ಅಂದರೆ ಅಷ್ಟಕ್ಕಷ್ಟೇ. ತಾಯಿಗೆ ಅದೊಂದೇ ಚಿಂತೆ. ಒಂದು ದಿನ ಬಳೆಗಾರ ಸಂತೆಯ ಊರಿನಿಂದ ಕಂದು ಬಣ್ಣದ ನಾಯಿಕುನ್ನಿಯೊಂದನ್ನು ಬಳೆಯ ಗಂಟಿನ ಜೊತೆಗೇ ಹೊತ್ತು ತಂದ. ಮಗಳು ಅದಕ್ಕೆ ‘ಬೆಲ್ಲ’ ಎಂದು ಹೆಸರಿಟ್ಟಳು. ಅಂದಿನಿಂದ ಹುಡುಗಿಯ ಬಾಯಿಗೆ ಬಿಡುವಿಲ್ಲ. ಬೆಲ್ಲನಿಗೊಂದು ತುತ್ತು, ತನಗೊಂದು ತುತ್ತು. ತಾಯಿ ಒಲೆಯ ಮುಂದೆ ಕೂತು ಅದನ್ನು ನೋಡಿ ಕಣ್ಣು ತುಂಬಿಕೊಳ್ಳುತ್ತಿದ್ದಳು. ನಾಯಿಗೂ ಸೂಜಿ ಹಾಕಿಸಬೇಕೆಂಬುದು ಆ ಮನೆಯಲ್ಲಿರಲಿ, ಆ ಓಣಿಯಲ್ಲೇ ಯಾರಿಗೂ ಹೊಳೆದಿರಲಿಲ್ಲ.

ತಂದವನು ಬಳೆಗಾರನೇ ಆದರೂ ಅವನು ಒಂದು ಮಾತು ಹೇಳಿಟ್ಟಿದ್ದ. ಇದು ಎಂದು ಮಗಳಿಗೆ ಹಲ್ಲು ಹಚ್ಚುತ್ತದೋ ಅಂದೇ ಇದನ್ನು ಒಯ್ದು ಕಾಲುವೆಯ ಆಚೆ ಬಿಟ್ಟುಬರುವವನೇ ಎಂದಿದ್ದ. ಮಗಳೆಂದರೆ ಅವನಿಗೆ ಜೀವ. ಹೇಳಿದ್ದನ್ನು ಮಾಡುವವನು ಎಂಬುದು ಹೆಂಡತಿಗೆ ಗೊತ್ತಿತ್ತು.

ಬಳೆಗಾರ ಊರ ಮೇಲೆ ಹೋಗಿದ್ದ ಒಂದು ದಿನ ಆಟವಾಡುತ್ತಾ ಆಡುತ್ತಾ ಕುನ್ನಿ ಹುಡುಗಿಯ ಹಿಮ್ಮಡಿಗೆ ಬಾಯಿ ಹಾಕಿತು. ದೊಡ್ಡ ಗಾಯವೇನಲ್ಲ. ಎರಡು ಹಲ್ಲಿನ ಗುರುತು, ಒಂದಿಷ್ಟು ರಕ್ತ. ಹುಡುಗಿ ಅಳಲಿಲ್ಲ. ತಾಯಿಯ ಸೆರಗು ಹಿಡಿದು, “ಅಪ್ಪಗ ಹೇಳಬ್ಯಾಡವ್ವ” ಎಂದಷ್ಟೇ ಅಂದಳು.

ತಾಯಿ ತಿಳಿಗೇಡಿಯಲ್ಲ. ಗಾಯಕ್ಕೆ ಸುಣ್ಣ ಹಚ್ಚಲಿಲ್ಲ, ಖಾರ ಹಚ್ಚಲಿಲ್ಲ. ಊರಿನ ಸಣ್ಣ ದವಾಖಾನೆಗೆ ಮಗಳನ್ನು ಎತ್ತಿಕೊಂಡೇ ಹೋದಳು. ಅಲ್ಲಿದ್ದ ನರ್ಸಮ್ಮ ಗಾಯ ನೋಡಿ, ಸೋಪು ಹಾಕಿ ನಲ್ಲಿಯ ಕೆಳಗೆ ಬಹಳ ಹೊತ್ತು ತೊಳೆದಳು.

“ಸೂಜಿ ಇಲ್ಲಿ ಇಲ್ಲ ತಂಗಿ. ನಾಳೆ ಮೊದಲನೇ ಬಸ್ಸಿಗೆ ದೊಡ್ಡ ದವಾಖಾನಿಗೆ ಕರಕೊಂಡು ಹೋಗು. ಒಂದು ಹಾಕಿಸಿ ಬಿಡಬ್ಯಾಡ, ಕರೆದಾಗೆಲ್ಲ ಹೋಗಿ ಪೂರ್ತಿ ಹಾಕಸು. ಕುನ್ನಿ ಮ್ಯಾಲೂ ಕಣ್ಣಿಡು. ಹತ್ತು ದಿನದೊಳಗ ಅದು ಮಂಕಾತು, ಇಲ್ಲಾ ಸತ್ತಿತು ಅಂದ್ರ ಓಡಿಬಂದು ತಿಳಿಸು.”

ತಾಯಿ ತಲೆಯಾಡಿಸಿದಳು. ಮನೆಗೆ ಬರುವ ದಾರಿಯಲ್ಲಿ ಆ ಮಾತು ಅವಳ ತಲೆಯೊಳಗೆ ಎರಡು ತುಂಡಾಯಿತು. ದೊಡ್ಡ ದವಾಖಾನೆ ಅಂದರೆ ಬಸ್ಸು. ಬಸ್ಸು ಅಂದರೆ ಗಂಡನಿಗೆ ಹೇಳಬೇಕು. ಹೇಳಿದರೆ ಬೆಲ್ಲ ಕಾಲುವೆಯ ಆಚೆ. ಆಮೇಲೆ ಮಗಳು ಮತ್ತೆ ಮೂಲೆ ಹಿಡಿದು ಕೂರುತ್ತಾಳೆ, ತಟ್ಟೆ ದೂಡುತ್ತಾಳೆ. ಕುನ್ನಿಯ ಮೇಲೆ ಕಣ್ಣಿಡುವುದಾದರೆ ಮನೆಯಲ್ಲೇ ಆಗುವ ಕೆಲಸ. ಅದಕ್ಕೆ ಏನಾದರೂ ಆದರೆ ಆಗ ಹೇಳಿದರಾಯಿತು, ಇಲ್ಲದಿದ್ದರೆ ಯಾಕೆ ಸುಮ್ಮನೆ ಎಲ್ಲರ ಹೊಟ್ಟೆ ಉರಿಸಬೇಕು ಎಂದುಕೊಂಡಳು. ನರ್ಸಮ್ಮ ಎರಡನ್ನೂ ಮಾಡು ಎಂದಿದ್ದಳು. ತಾಯಿ ಸುಲಭದ್ದನ್ನು ಇಟ್ಟುಕೊಂಡಳು. ನೀನಾಗಿದ್ದರೂ ಅಷ್ಟೇ, ನಾನಾಗಿದ್ದರೂ ಅಷ್ಟೇ.

ಅಂದಿನಿಂದ ಅವಳ ಕಣ್ಣೆಲ್ಲ ಕುನ್ನಿಯ ಮೇಲೆ. ಬೆಳಗ್ಗೆ ಎದ್ದವಳೇ ಅದರ ಮುಂದೆ ಹಾಲಿಡುವಳು. ಕುಡಿದರೆ ಅವಳಿಗೆ ಉಸಿರು. ಅದು ಬಾಲ ಅಲ್ಲಾಡಿಸಿದರೆ ಅವಳು ನಗುವಳು. ಇವಳಿಗೂ ನಾಯಿಯ ಹುಚ್ಚು ಹಿಡಿಯಿತಲ್ಲ ಎಂದು ಬಳೆಗಾರ ತಮಾಷೆ ಮಾಡಿದ. ಅವಳೂ ನಕ್ಕಳು.

ನಡುವೆ ಅವಳ ತವರಿನಲ್ಲಿ ತಂಗಿಯ ಕುಬುಸದ ಕಾರ್ಯ ಬಂತು. ಬಸುರಿ ತಂಗಿಗೆ ಅಕ್ಕನೇ ಮುಂದೆ ನಿಂತು ಬಳೆ ಇಡಿಸಬೇಕು, ತಪ್ಪಿಸುವ ಹಾಗಿಲ್ಲ. ಮಗಳನ್ನು ಕರೆದುಕೊಂಡು ಹೊರಟಳು. ಹೊಸ್ತಿಲು ದಾಟುವಾಗ ಗಂಡನಿಗೆ, “ಕುನ್ನಿ ಮ್ಯಾಲ ಸ್ವಲ್ಪ ಲಕ್ಷ್ಯ ಇರಲಿ” ಎಂದಳು. ಯಾಕೆ ಎಂದು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಅವರು ಹೋದ ಮರುದಿನವೇ ಬೆಲ್ಲ ಹಾಲು ಮುಟ್ಟಲಿಲ್ಲ. ಬಳೆಯ ಪೆಟ್ಟಿಗೆಯ ಹಿಂದೆ ಕತ್ತಲಲ್ಲಿ ಹೋಗಿ ಮುದುಡಿಕೊಂಡಿತು. ಬಾಯಿಂದ ಜೊಲ್ಲು ಸುರಿಯಿತು. ಎದ್ದರೆ ಹಿಂಗಾಲು ಎಳೆಯುತ್ತಿತ್ತು. ವಿಷ ತಿಂದ ಇಲಿಯನ್ನು ಎಲ್ಲೋ ತಿಂದಿರಬೇಕು ಎಂದುಕೊಂಡ ಬಳೆಗಾರ. ಒಂದು ದಿನ ಬೆಳಕು ಹರಿಯುವಾಗ ಅದು ಸತ್ತುಬಿದ್ದಿತ್ತು. ಹಿತ್ತಿಲಲ್ಲಿ ಗುಂಡಿ ತೋಡಿ ಹುಗಿದ. ಮಣ್ಣು ಎಳೆಯುವಾಗ ಅವನಿಗೆ ಕುನ್ನಿಯ ನೆನಪಾಗಲಿಲ್ಲ, ಮಗಳ ಮುಖದ ನೆನಪಾಯಿತು. ಬಸ್ಸಿಳಿದು ಓಡಿಬಂದು, ಬೆಲ್ಲಾ ಎಂದು ಕರೆದು, ಉತ್ತರ ಬಾರದೆ ನಿಲ್ಲುವ ಮುಖ. ಅದನ್ನು ನೋಡುವ ಧೈರ್ಯ ಅವನಲ್ಲಿರಲಿಲ್ಲ.

ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಕಾಲ್ನಡಿಗೆಯಲ್ಲೇ ಸಂತೆಯ ಊರಿಗೆ ಹೋದ. ಅದೇ ತಾಯಿಯ ಮರಿಗಳಲ್ಲಿ ಒಂದು ಅಲ್ಲೇ ಉಳಿದಿತ್ತು. ಅದೇ ಕಂದು, ಅದೇ ಅಳತೆ. ಬೆಲ್ಲನ ಕೊರಳಲ್ಲಿದ್ದ ಕರಿದಾರವನ್ನು ತೊಳೆದು ಇದರ ಕೊರಳಿಗೆ ಕಟ್ಟಿದ.

ತಾಯಿ ಮಗಳು ಬಂದರು. ತಾಯಿಯ ಕಣ್ಣು ಮೊದಲು ಹುಡುಕಿದ್ದು ಕುನ್ನಿಯನ್ನು. ಅದು ಅಂಗಳದಲ್ಲಿ ಕುಣಿಯುತ್ತಿತ್ತು. ಹಾಲಿಟ್ಟಳು, ಬಟ್ಟಲು ನೆಕ್ಕಿ ಇನ್ನೂ ಬೇಕು ಎಂದು ನೋಡಿತು. ಅವಳು ಗೋಡೆಗೆ ಒರಗಿ ನಿಂತಳು. ನರ್ಸಮ್ಮ ಹೇಳಿದ ದಿನಗಳು ಮುಗಿದ ಸಂಜೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಹೋಳಿಗೆ ಮಾಡಿದಳು. ಇದೇನು ವಿಶೇಷ ಎಂದ ಗಂಡ. ಏನಿಲ್ಲ, ಮಾಡಬೇಕೆನಿಸಿತು ಎಂದಳು. ಅವನೂ ಒಳಗೊಳಗೇ ಖುಷಿಯಾಗಿದ್ದ. ಮನೆಯಲ್ಲಿ ಯಾರಿಗೂ ಏನೂ ತಿಳಿಯದಂತೆ ಎಲ್ಲ ಸರಿಹೋಯಿತಲ್ಲ ಎಂದು ಇಬ್ಬರೂ ಹೊಟ್ಟೆತುಂಬ ಉಂಡರು.

ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ಹುಡುಗಿ ಹಿಮ್ಮಡಿ ತುರಿಸಿಕೊಳ್ಳತೊಡಗಿದಳು. ಮಾಗಿ ಮರೆತುಹೋಗಿದ್ದ ಜಾಗ ಜುಮುಗುಟ್ಟುತ್ತದೆ ಎಂದಳು. ಆಮೇಲೆ ಜ್ವರ. ಆಮೇಲೆ ನಿದ್ದೆಯಿಲ್ಲ. ತಾಯಿ ನೀರು ತಂದಳು. ಹುಡುಗಿ ಕುಡಿಯಲು ಹೋದಳು, ಗಂಟಲು ಹಿಡಿದುಕೊಂಡಿತು, ಲೋಟ ಎಸೆದಳು. ಬಾಯಾರಿ ಅಳುತ್ತಿದ್ದಳು, ನೀರು ಕಂಡರೆ ನಡುಗುತ್ತಿದ್ದಳು. ಬೀಸಣಿಗೆಯ ಗಾಳಿ ತಾಗಿದರೂ ಮೈ ಸೆಟೆಯುತ್ತಿತ್ತು. ತಾಯಿಯ ಎದೆಯಲ್ಲಿ ಒಂದು ಸಂಶಯ ಎದ್ದಿತು. ಅಂಗಳದಲ್ಲಿ ಕುನ್ನಿ ಬೊಗಳಿತು. ಛೆ, ಕುನ್ನಿ ಗಟ್ಟಿಮುಟ್ಟಾಗಿದೆ, ಇದು ಹುಚ್ಚುನಾಯಿಯ ರೋಗವಲ್ಲ ಎಂದು ಸಂಶಯವನ್ನು ಒತ್ತಿ ಕೂರಿಸಿದಳು.

ಗಂಡಹೆಂಡತಿ ಸೇರಿ ಮಗಳನ್ನು ದೊಡ್ಡ ದವಾಖಾನೆಗೆ ಒಯ್ದರು. ಅಂದು ಸುಲಭವಾಗಿ ಸಿಗುತ್ತಿದ್ದ ಬಸ್ಸೇ ಇಂದೂ ಸಿಕ್ಕಿತು. ಡಾಕ್ಟರರು ಹುಡುಗಿಯನ್ನು ನೋಡಿದರು. ನೋಡಿದ ಮೇಲೆ ಅವರ ದನಿ ತಗ್ಗಿತು.

“ನಾಯಿ ಏನಾದರೂ ಕಚ್ಚಿತ್ತೇನ್ರಿ?”

“ಇಲ್ರಿ” ಎಂದ ಬಳೆಗಾರ.

“ಹೌದ್ರಿ” ಎಂದಳು ಹೆಂಡತಿ. ಗಂಡ ಅವಳತ್ತ ತಿರುಗಿದ. ಅವಳು ಅವನನ್ನು ನೋಡಲಿಲ್ಲ, ಡಾಕ್ಟರರ ಕೈಯನ್ನೇ ನೋಡುತ್ತ ಗಡಬಡಿಸಿ ಹೇಳಿದಳು. “ಮನೀ ಕುನ್ನೀರಿ, ಸಣ್ಣದು. ಅದು ಆರಾಮ ಐತ್ರಿ, ಇವತ್ತಿಗೂ ಅಂಗಳದಾಗ ಆಡತೈತಿ. ನಾನ ದಿನಾ ನೋಡೀನ್ರಿ.”

ಬಳೆಗಾರ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳಿಗೆ ಅರ್ಥವಾಗಲಿಲ್ಲ. ತನ್ನ ಮೇಲೆ ಸಿಟ್ಟಾದನೇನೋ ಎಂದುಕೊಂಡಳು.

ಮಂಚದ ಮೇಲಿಂದ ಹುಡುಗಿ ಹೇಳಿದಳು. ಆಗ ಅವಳಿಗೆ ಸ್ವಲ್ಪ ಹೊತ್ತು ಬುದ್ಧಿ ತಿಳಿಯಾಗಿತ್ತು.

“ಅದು ಬೆಲ್ಲ ಅಲ್ಲವ್ವ. ನಾವು ಊರಿಂದ ಬಂದ ದಿನಾನ ನನಗ ಗೊತ್ತಾತು. ಕರದ್ರ ಬರಲಿಲ್ಲ. ಅಪ್ಪ ನನ್ನ ಮುಖಾನ ನೋಡಕೋತ ನಿಂತಿದ್ದ. ಅವಗ ಕೆಟ್ಟ ಅನಸತೈತಂತ ನಾ ಸುಮ್ಮನಾದೆ.”

ತಾಯಿಗೆ ಆಗ ಎಲ್ಲವೂ ತಿಳಿಯಿತು. ತಾನು ಹಚ್ಚಿದ ದೀಪ, ಮಾಡಿದ ಹೋಳಿಗೆ, ಎಲ್ಲ ಯಾವುದೋ ಬೇರೆ ನಾಯಿಯ ಆರೋಗ್ಯಕ್ಕೆ. ಈಗ ಸೂಜಿ ಹಾಕಿರಿ, ಎಷ್ಟು ಬೇಕಾದರೂ ಹಾಕಿರಿ ಎಂದು ಡಾಕ್ಟರರ ಕಾಲು ಹಿಡಿದಳು. ಸೂಜಿಗೆ ಒಂದು ಹೊತ್ತು ಇರುತ್ತದೆ ತಾಯಿ, ಅದು ದಾಟಿಹೋಯಿತು, ಇನ್ನು ಯಾರ ಕೈಯಲ್ಲೂ ಇಲ್ಲ ಎಂದು ಅವರು ಅವಳನ್ನು ಎಬ್ಬಿಸಿದರು. ಹುಡುಗಿ ಮರುದಿನದ ಮಧ್ಯಾಹ್ನದವರೆಗೆ ಇದ್ದಳು. ಸಾಯುವವರೆಗೂ ನೀರು ಕೇಳಿದಳು. ಒಂದು ಗುಟುಕು ಕುಡಿಸಲು ತಾಯಿಯಿಂದಾಗಲಿಲ್ಲ.

ಗಂಡಹೆಂಡತಿ ಈಗಲೂ ಅದೇ ಮನೆಯಲ್ಲಿದ್ದಾರೆ. ಒಬ್ಬರನ್ನೊಬ್ಬರು ಬೈದಿಲ್ಲ. ನಿನ್ನದೇನು ತಪ್ಪಿಲ್ಲ ಎಂದು ಅವನು ಅವಳಿಗೆ ಹೇಳುತ್ತಾನೆ. ನಿಮ್ಮದೇನು ತಪ್ಪಿಲ್ಲ ಎಂದು ಅವಳು ಅವನಿಗೆ ಹೇಳುತ್ತಾಳೆ. ಇಬ್ಬರೂ ಅದನ್ನು ನಂಬಿಲ್ಲ. ಆ ಕುನ್ನಿ ದೊಡ್ಡ ನಾಯಿಯಾಗಿ ಬಾಗಿಲಲ್ಲಿ ಮಲಗಿರುತ್ತದೆ. ಅದನ್ನು ಓಡಿಸಲು ಇಬ್ಬರಿಗೂ ಮನಸ್ಸಾಗಿಲ್ಲ, ಮುಟ್ಟಲೂ ಮನಸ್ಸಾಗಿಲ್ಲ.

ಗುರುಗಳು ನಿಲ್ಲಿಸಿದರು. ಅಡಿವೆಪ್ಪನಿಗೆ ತಡೆಯಲಾಗಲಿಲ್ಲ. “ಹಂಗಾದ್ರ ತಪ್ಪು ಯಾರದ್ರಿ ಅಜ್ಜಾರ? ಮೂರು ಮಂದಿ ಒಳಗ ಒಬ್ಬರೂ ಕೆಟ್ಟವರಲ್ಲ.”

ಗುರುಗಳು ಕಟ್ಟೆಯಿಂದ ಇಳಿದು, ಮೆಟ್ಟು ಮೆಟ್ಟಿಕೊಳ್ಳುತ್ತ ಅಂದರು:

“ಒಬ್ಬರಾದರೂ ಕೆಟ್ಟವರಿದ್ದಿದ್ದರ ಆ ಕೂಸು ಉಳೀತಿತ್ತಪ್ಪ.”