ಚಾಪೆಯ ಪಕ್ಕದ ಮೊರ

"ಗುರುಗಳೇ, ಬೆಟ್ಟದ ಮೇಲಿನ ಊರುಗಳನ್ನು ಸುತ್ತಿ ಬರಬೇಕೆಂದಿದ್ದೇನೆ. ರೈತರ ಮನೆಗಳಲ್ಲೇ ಉಳಿಯುತ್ತೇನೆ. ಅವರ ಬದುಕನ್ನು ಪೂರ್ತಿ ತಿಳಿಯಬೇಕಾದರೆ ಅವರನ್ನು ಏನೇನು ಕೇಳಬೇಕು?"

ಕೇಳಿದವನು ಬಹಳ ವರ್ಷಗಳಿಂದ ಮಠದಲ್ಲಿದ್ದ ಶಿಷ್ಯ. ಗುರುಗಳು ನಕ್ಕರು.

"ಕೋಶ ಓದಿಯಾಯಿತು, ಇನ್ನು ದೇಶ ಸುತ್ತುವುದೊಂದೇ ಬಾಕಿ ಅನ್ನು. ಕೂತುಕೋ. ನಿನಗಿಂತ ಮೊದಲು ಹೋದವನೊಬ್ಬನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಹೀಗೆಂದು ಕತೆ ಶುರುಮಾಡಿದರು.

ಬಯಲಿನ ಪೇಟೆಯಲ್ಲಿ ಒಬ್ಬ ತರುಣನಿದ್ದ. ಬೆನ್ನಿಗೊಂದು ಚೀಲ ಹಾಕಿಕೊಂಡು ಬೆಟ್ಟದ ನೆತ್ತಿಯ ಊರಿಗೆ ಹೋದ. ಅಲ್ಲಿಂದ ಒಂದೊಂದೇ ಊರು ಇಳಿಯುತ್ತಾ ಬರಬೇಕು, ಊರಿಗೊಂದು ರೈತನ ಮನೆಯಲ್ಲಿ ತಂಗಬೇಕು ಎಂಬುದು ಅವನ ಆಸೆ. ಒಳ್ಳೆಯವನೇ. ಕೊಟ್ಟಿದ್ದನ್ನು ಉಣ್ಣುತ್ತಿದ್ದ, ಹಾಸಿದಲ್ಲಿ ಮಲಗುತ್ತಿದ್ದ. ಇದ್ದದ್ದು ಒಂದೇ ಚಟ, ಕೇಳುವುದು. ಎತ್ತಿನ ಕೊಂಬಿಗೆ ಎಣ್ಣೆ ಏಕೆ? ಬಾಗಿಲು ಇಷ್ಟು ಗಿಡ್ಡ ಏಕೆ? ಒಲೆಯ ಬೂದಿಯನ್ನು ಮೂಲೆಯಲ್ಲಿ ಕೂಡಿಡುವುದೇಕೆ? ಉತ್ತರ ಸಿಕ್ಕಿದರೆ ಹಬ್ಬದೂಟ ಉಂಡವನ ಹಾಗೆ ಅವನ ಮುಖ ಅರಳುತ್ತಿತ್ತು. ಬೆಟ್ಟದವರಿಗೂ ಅವನೆಂದರೆ ಅಕ್ಕರೆ. ತಮ್ಮ ಒಲೆಯ ಬೂದಿಯನ್ನು ಇಷ್ಟು ಆಸ್ಥೆಯಿಂದ ನೋಡಿದವರನ್ನು ಅವರು ಕಂಡೇ ಇರಲಿಲ್ಲ.

ಎರಡು ವಿಷಯ ಮಾತ್ರ ಅವನಿಗೆ ಬಗೆಹರಿಯಲಿಲ್ಲ.

ಒಂದು, ಪ್ರತಿ ಮನೆಯಿಂದ ಹೊರಡುವಾಗಲೂ ಮನೆಯಾಕೆ ಒಂದು ಗಂಟು ರಾಗಿಯನ್ನು ತಂದು ಅವನ ಚೀಲದಲ್ಲಿಡುತ್ತಿದ್ದಳು. ತುಟಿ ಬಿಚ್ಚುತ್ತಿರಲಿಲ್ಲ. ತನ್ನ ನೆನಪಿಗೆಂದು ಕೊಟ್ಟದ್ದು ಎಂದುಕೊಂಡು ಅವನಿಗೆ ಕಣ್ಣು ತುಂಬಿ ಬರುತ್ತಿತ್ತು. ಅದರಲ್ಲಿ ಒಂದು ಕಾಳನ್ನೂ ಅವನು ಬೇಯಿಸಿ ತಿನ್ನಲಿಲ್ಲ. ಪೇಟೆಗೆ ಒಯ್ದು, ಗಾಜಿನ ಸೀಸೆಗಳಲ್ಲಿ ತುಂಬಿ, ಬಂದವರಿಗೆಲ್ಲ ತೋರಿಸಬೇಕೆಂದು ಜೋಪಾನ ಮಾಡಿದ.

ಇನ್ನೊಂದು, ನೆತ್ತಿಯ ಮನೆಯನ್ನು ಬಿಟ್ಟು ಇಳಿದ ಮೇಲೆ ಯಾವ ಮನೆಯಲ್ಲಿ ತಂಗಿದರೂ ಬೆಳಿಗ್ಗೆ ಏಳುವಾಗ ಅವನ ಚಾಪೆಯ ಪಕ್ಕದಲ್ಲಿ ಒಂದು ಖಾಲಿ ಮೊರ ಇರುತ್ತಿತ್ತು. "ಇದೇಕೆ?" ಎಂದು ಕೇಳುತ್ತಿದ್ದ. "ನಮ್ಮ ಕಡೆ ಹಂಗೆ" ಎಂದು ಅವರು ಮುಖ ತಿರುಗಿಸುತ್ತಿದ್ದರು. ಎಂಥ ಚೆಂದದ ಪದ್ಧತಿ ಎಂದು ಅವನು ಮೆಚ್ಚಿ ಮುಂದೆ ಹೋಗುತ್ತಿದ್ದ. ಇಳಿದಷ್ಟೂ ಚೀಲ ಭಾರವಾಗುತ್ತಿತ್ತು.

ಕೊನೆಗೆ ಬೆಟ್ಟದ ಬುಡದ ಊರಿಗೆ ಬಂದ. ಅಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಹಿಂದಿನ ವರ್ಷ ಅವರ ರಾಗಿಯೆಲ್ಲ ಜೊಳ್ಳಾಗಿತ್ತು. ಕಣಜದ ತಳ ಕಾಣುತ್ತಿತ್ತು. ಆದರೂ ಬಿಸಿ ಮುದ್ದೆಯನ್ನು ಮೊದಲು ಅವನಿಗೇ ಬಡಿಸಿದರು. ಮಳೆ ಬಂದು ಊರವರೆಲ್ಲ ಬಿತ್ತಿದ್ದರು. ಈ ರೈತ ಮಾತ್ರ ದಿನಾ ಹೊಲಕ್ಕೆ ಹೋಗಿ, ಒಂದು ಹಿಡಿ ಮಣ್ಣು ಹಿಸುಕಿ ನೋಡಿ, ಬರಿಗೈಯಲ್ಲಿ ಮನೆಗೆ ಬರುತ್ತಿದ್ದ. ಮಣ್ಣಿನ ಹದ ಆರುತ್ತಿತ್ತು.

ನಮ್ಮ ತರುಣ ಕೇಳದೆ ಬಿಡುತ್ತಾನೆಯೇ? "ಉತ್ತು ಇಟ್ಟಿದ್ದೀರಿ, ಬಿತ್ತಿಲ್ಲವೇಕೆ?" ಎಂದ.

ರೈತ ಮುಖ ತಿರುಗಿಸಿದ. ಹೆಂಡತಿಗೆ ತಡೆಯಲಾಗಲಿಲ್ಲ. "ಬೀಜ ಬಂದಿಲ್ಲ ಕಣಪ್ಪ" ಎಂದಳು.

"ಯಾರು ತರಬೇಕು?"

"ಮನೇಗೆ ಬಂದೋರು."

"ನಾನು ಬಂದು ಆಗಲೇ ಎಷ್ಟು ದಿನವಾಯಿತು!"

"ನೀ ಬಂದೆ. ಬೀಜ ಬರ್ನಿಲ್ಲ."

ಅವನು ಮೊರದ ಕಡೆ ನೋಡಿದ. ಚೀಲದ ಕಡೆ ನೋಡಿದ. ಆಗ ಅವನಿಗೆ ಹೊಳೆಯಿತು.

ಬೆಟ್ಟದ ಪದ್ಧತಿ ಹೀಗಿತ್ತು. ಒಂದೇ ಮಣ್ಣಿನ ಬೀಜವನ್ನು ಮತ್ತೆ ಮತ್ತೆ ಅದೇ ಮಣ್ಣಿಗೆ ಹಾಕಿದರೆ ತೆನೆ ಜೊಳ್ಳಾಗುತ್ತದೆ ಎಂದು ಅವರ ನಂಬಿಕೆ. ಬೇರೆ ಮಣ್ಣಿನ ಬೀಜ ಬರಬೇಕು. ಆದರೆ ಉಳುವ ಕಾಲದಲ್ಲಿ ಎತ್ತು ಬಿಟ್ಟು ಊರೂರು ಅಲೆಯುವವರು ಯಾರು? ಹಾಗಾಗಿ ಮೇಲಿನ ಮನೆಯ ಬೀಜ ಕೆಳಗಿನ ಮನೆಗೆ ಇಳಿಯುವುದು ಅತಿಥಿಯ ಕೈಯಲ್ಲಿ. ಕೊಡುವವಳು ಇದು ಇಂಥವರಿಗೆ ಎಂದು ಹೇಳಬಾರದು. ಪಡೆಯುವವಳು ಬಾಯಿಬಿಟ್ಟು ಕೇಳಬಾರದು, ಕೇಳಿ ಪಡೆದ ಬೀಜ ಮೊಳೆಯುವುದಿಲ್ಲ. ಮೊರ ಇಟ್ಟು ಕಾಯಬೇಕು ಅಷ್ಟೆ. ಬಳೆಗಾರನಿಗೆ ಇದು ಗೊತ್ತು, ಉಪ್ಪು ಮಾರುವವನಿಗೆ ಗೊತ್ತು. ನಮ್ಮ ಈ ಜಾಣನಿಗೆ ಗೊತ್ತಿರಲಿಲ್ಲ. ಬೆಟ್ಟದವರೂ ಬೆಪ್ಪರೇ ಅನ್ನು. ಈ ಸಣ್ಣ ವಿಷಯ ತಿಳಿಯದ ಮನುಷ್ಯನೂ ಭೂಮಿಯ ಮೇಲೆ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ.

ಅವನು ತಡಬಡಿಸಿ ಚೀಲ ಬಿಚ್ಚಿದ. ಮೇಲುಗಡೆ ಇದ್ದದ್ದು ಹಿಂದಿನ ಮನೆಯಾಕೆ ಕೊಟ್ಟ ಗಂಟು. ಅದನ್ನು ಮೊರಕ್ಕೆ ಸುರಿಯಲು ಹೋದ. ಹೆಂಡತಿ ಮೊರವನ್ನು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ ಕಣಪ್ಪ. ಕೇಳಿ ಇಸ್ಕೊಂಡಂಗಾಯ್ತು. ನನ್ ಬಾಯಿಗೆ ಬೆಂಕಿ ಬೀಳ" ಎಂದು ಅತ್ತಳು. ಆ ವರ್ಷದ ಅನ್ನ ತನ್ನ ನಾಲಿಗೆಯಿಂದಲೇ ಹೋಯಿತೆಂದು ಅವಳಿಗೆ ದುಃಖ.

ರೈತ ಗಂಟನ್ನೊಮ್ಮೆ ನೋಡಿದ, ಹೆಂಡತಿಯನ್ನೊಮ್ಮೆ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕ.

"ನೀನೆಲ್ಲಿ ಕೇಳ್ದೆ? ಬಂದಾಗ್ನಿಂದ ಕೇಳ್ತಿರೋದು ಆವಯ್ಯ. ಅವ ಕೇಳಿದ್ಕೆ ನೀನು ಹೇಳ್ದೆ, ಅಷ್ಟೇಯ. ಹಿಡಿ ಮೊರವ."

ಅವಳು ಕಣ್ಣೊರೆಸಿಕೊಂಡು ಮೊರ ಹಿಡಿದಳು. ಹದ ಆರುವ ಮೊದಲೇ ಹೊಲ ಬಿತ್ತಿದರು. ಅದು ಒಳ್ಳೆಯ ಪೈರಾಯಿತು.

ತರುಣನ ಚೀಲದಲ್ಲಿ ಇನ್ನೂ ಗಂಟುಗಳಿದ್ದವು. ಒಂದೊಂದು ಗಂಟೂ ತಾನು ಉಂಡು ಮಲಗಿ ಎದ್ದುಬಂದ ಒಂದೊಂದು ಮನೆಗೆ ಸೇರಬೇಕಾದದ್ದು ಎಂದು ಈಗ ಅವನಿಗೆ ತಿಳಿದಿತ್ತು. ಇನ್ನೊಂದೂ ತಿಳಿದಿತ್ತು. ಆ ಮನೆಯವರು ತಮ್ಮ ಮೊರ ಖಾಲಿ ಉಳಿದರೂ ಮುಂದಿನ ಮನೆಗೆಂದು ಬೀಜ ಕಟ್ಟಿಕೊಟ್ಟಿದ್ದರು. ಪೇಟೆಯ ದಾರಿ ಎದುರಿಗೇ ಇತ್ತು. ಅವನು ಬೆನ್ನು ತಿರುಗಿಸಿ ಬೆಟ್ಟ ಹತ್ತಿದ.

ಮಳೆ ಹಿಡಿದಿತ್ತು. ದಾರಿಯ ಹೊಲಗಳಲ್ಲಿ ಹಳೆಯ ಬೀಜವೇ ಮೊಳೆತು ನಿಂತಿತ್ತು. ಕಾದು ಸಾಕಾಗಿ ಅವರು ಇದ್ದದ್ದನ್ನೇ ಬಿತ್ತಿದ್ದರು. ಒಂದೊಂದು ಮನೆಯಲ್ಲೂ ಅವನು ಅದರ ಮೇಲಿನ ಮನೆಯ ಗಂಟು ಇಳಿಸಿದ. ಅವರು ಅದನ್ನು ಮುಂದಿನ ವರ್ಷಕ್ಕೆಂದು ಎತ್ತಿಟ್ಟರು. ನೆತ್ತಿಯಿಂದ ಎರಡನೆಯ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ಅವಳ ಹೊಲ ಮಾತ್ರ ಇನ್ನೂ ಖಾಲಿ ಬಿದ್ದಿತ್ತು. ಎಲ್ಲರಿಗಿಂತ ಹೆಚ್ಚು ಕಾದವಳು ಅವಳು. ಅವನನ್ನು ಕಂಡವಳೇ ಒಳಗೆ ಹೋಗಿ ಮೊರ ತಂದು ಹಿಡಿದಳು. ಅವನು ಸುರಿದ. ಬೆಟ್ಟಕ್ಕೆ ಬಂದ ಮೇಲೆ ಅಂದು ಮೊದಲ ಸಲ ಅವನು ಯಾರನ್ನೂ ಏನನ್ನೂ ಕೇಳದೆ ಉಂಡ. ಬೆಳಗಾದ ಮೇಲೆ ಇಬ್ಬರೂ ಬಿತ್ತಲು ಹೋದರು.

ಗುರುಗಳು ಅಷ್ಟಕ್ಕೆ ಕತೆ ನಿಲ್ಲಿಸಿದರು.

ಶಿಷ್ಯ ಇಷ್ಟು ಹೊತ್ತು ಬಾಯಿ ಕಟ್ಟಿಕೊಂಡು ಕೂತಿದ್ದ. "ಅಷ್ಟು ತಡವಾಗಿ ಬಿತ್ತಿದ್ದು ಬೆಳೆಯಿತೇ, ಗುರುಗಳೇ? ಆ ಮುದುಕಿ ಅವನಿಗೆ ಏನೆಂದಳು? ಆಮೇಲೆ ಅವನು ಪೇಟೆಗೆ ಹೋದನೇ?" ಎಂದು ಕೇಳಿದ.

"ಅದಿರಲಿ. ನಾನು ಇಷ್ಟು ವರ್ಷ ನಿನ್ನ ಚೀಲಕ್ಕೆ ಹಾಕಿದ್ದನ್ನು ಯಾರ ಮನೆಯಲ್ಲಿ ಇಳಿಸಿದೆ?"