ಹನ್ನೊಂದನೆಯ ಗುಂಡಿ

ನದಿ ದಂಡೆಯ ಆಶ್ರಮವೊಂದರಲ್ಲಿ ನಿರಂಜನನೆಂಬ ಶಿಷ್ಯನಿದ್ದ. ಸುತ್ತಲಿನ ಊರುಗಳ ಚಿಕ್ಕ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಅವನ ಪಾಲಿನ ಸೇವೆ. ಇಪ್ಪತ್ತರ ಮಗ್ಗಿಯನ್ನು ಮಕ್ಕಳು ಒಂದೇ ಉಸಿರಿಗೆ ಹೇಳಿದರೆ ಅವನಿಗೆ ಅಂದು ಊಟ ಹೆಚ್ಚು ರುಚಿಸುತ್ತಿತ್ತು.

ಒಂದು ಬೆಳಿಗ್ಗೆ ಗುರುಗಳು ಪಾಠದ ಜಗಲಿಗೆ ಬಂದರು.

"ನಮ್ಮ ಬಾಗಿಲಿಂದ ನದೀತನಕ ನೂರು ಹೆಜ್ಜಿ ದಾರಿ. ಹತ್ತು ಹೆಜ್ಜಿಗೊಂದು ಹೊಂಗಿ ಸಸಿ ಹಚ್ಚಬೇಕು. ಎರಡೂ ತುದಿಗೆ ಒಂದೊಂದು ಇರಲಿ. ಎಷ್ಟು ಸಸಿ ತರಿಸಲಿ? ನೀವ ಕೂತು ವಿಚಾರ ಮಾಡ್ರಿ" ಎಂದು ಮಕ್ಕಳಿಗೆ ಹೇಳಿ ಹೊರಟುಹೋದರು.

ವಿಚಾರ ಮಾಡಲು ನಿರಂಜನ ಬಿಡಲಿಲ್ಲ.

"ನೂರನ್ನ ಹತ್ತರಿಂದ ಭಾಗಿಸ್ರಿ. ಹತ್ತು. ಬರಕೊಳ್ಳಿ."

ಎಲ್ಲರೂ ಬರೆದುಕೊಂಡರು. ಫಕೀರವ್ವ ಎಂಬ ಎಂಟು ವರ್ಷದ ಹುಡುಗಿ ಮಾತ್ರ ನೆಲದ ಮೇಲೆ ಹುಣಸೆಬೀಜ ಸಾಲಾಗಿ ಇಡುತ್ತಾ ಕೂತಿದ್ದಳು.

"ಹನ್ನೊಂದು ಬೇಕಾಗ್ತಾವ್ರಿ."

"ಭಾಗಾಕಾರ ಬರೂದಿಲ್ಲೇನು ನಿನಗ?" ಎಂದವನೇ ನಿರಂಜನ ಕಾಲಿನಿಂದ ಬೀಜಗಳನ್ನು ಅತ್ತ ಸರಿಸಿದ. ಮಕ್ಕಳು ನಕ್ಕರು. ಅವನೂ ನಕ್ಕ. ಫಕೀರವ್ವ ಪಾಟಿಯ ಮೇಲೆ ಹತ್ತು ಎಂದು ಬರೆದಳು.

ಮಾರನೆಯ ದಿನ ಹತ್ತು ಸಸಿ ಬಂದವು. ನಿರಂಜನ ಒಬ್ಬನೇ ಗುದ್ದಲಿ ಹಿಡಿದು ಬಾಗಿಲಿನಿಂದ ಗುಂಡಿ ತೋಡುತ್ತಾ ಹೋದ. ಹತ್ತನೆಯ ಗುಂಡಿ ತೋಡಿ ತಲೆ ಎತ್ತಿದರೆ, ನದಿ ಇನ್ನೂ ಹತ್ತು ಹೆಜ್ಜೆ ದೂರದಲ್ಲಿತ್ತು.

ಅಲ್ಲಿಗೂ ಹೋಗಿ ಒಂದು ತೋಡಿದ. ಆಮೇಲೆ ಮೊದಲಿಂದ ಎಣಿಸಿದ. ಹನ್ನೊಂದು.

ಅವನ ಕಿವಿ ಬಿಸಿಯಾಯಿತು. ಅತ್ತಿತ್ತ ನೋಡಿದ. ಯಾರೂ ಕಾಣಲಿಲ್ಲ. ದಂಡೆಯ ಆ ಗುಂಡಿಗೆ ಗಡಿಬಿಡಿಯಿಂದ ಮಣ್ಣೆಳೆದು, ಮೇಲೆ ನಿಂತು ತುಳಿದ.

ವಾರದ ಮೇಲೆ ಗುರುಗಳು ಮತ್ತೆ ಜಗಲಿಗೆ ಬಂದು, ಒಂದು ಮೊರದ ತುಂಬ ಕುಂಬಳದ ಬೀಜ ಸುರಿದರು.

"ಒಂದೊಂದಾಗಿ ಎಣಿಸಬಾರದು. ಆದರೂ ಸುಮಾರು ಎಷ್ಟದಾವು ಅಂತ ತಿಳೀಬೇಕು. ಹೆಂಗ?"

ಒಂದು ಮಗುವೂ ಬೀಜ ಮುಟ್ಟಲಿಲ್ಲ. ಎಲ್ಲರೂ ನಿರಂಜನನತ್ತ ತಿರುಗಿದರು. ಫಕೀರವ್ವನೂ ತಿರುಗಿದಳು.

"ಬೀಜ ಇಲ್ಲಿ ಅದಾವಲ್ಲವ್ವ. ಅವನ ಮಾರಿ ಯಾಕ ನೋಡ್ತೀ?" ಎಂದರು ಗುರುಗಳು.

"ಉತ್ತರ ಅಲ್ಲೇ ಇರ್ತೈತ್ರಿ."

ನಿರಂಜನನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಒಂದು ವಾರದಿಂದ ಗಂಟಲಲ್ಲೇ ಇದ್ದ ಮಾತು ಈಗ ಹೊರಗೆ ಬಂತು.

"ಫಕೀರವ್ವ, ಅವತ್ತು ನಿನ್ನ ಲೆಕ್ಕ ಸರಿ ಇತ್ತು. ನಂದು ತಪ್ಪು."

"ಗೊತ್ತೈತ್ರಿ. ನೀವು ಗುಂಡಿ ಮುಚ್ಚೂದು ನೋಡೀನಿ. ನೀರಿಗೆ ಬಂದಿದ್ದೆ."

"ಮತ್ತ ಯಾರ ಮುಂದೂ ಹೇಳಲಿಲ್ಲಲ್ಲ?"

"ಹೆಂಗ ಹೇಳ್ಲಿರಿ? ಎಲ್ಲಾರೂ ನಗ್ತಿದ್ರು. ನಿಮಗ ಕೆಟ್ಟ ಅನಸ್ತಿತ್ತು."

ಅವನು ಆ ಹುಡುಗಿಯ ಮುಖ ನೋಡಲಾರದೆ ಹೋದ. ನಕ್ಕವರಲ್ಲಿ ಅಂದು ತಾನೂ ಇದ್ದದ್ದು ನೆನಪಾಯಿತು.

ಮಕ್ಕಳು ಮನೆಗೆ ಹೋದ ಮೇಲೆ ಅವನು ಗುರುಗಳ ಮುಂದೆ ಕೈಕಟ್ಟಿ ನಿಂತ.

"ನನ್ನನ್ನ ಪಾಠದಿಂದ ಬಿಡಿಸ್ರಿ. ದನದ ಕೊಟ್ಟಿಗಿ ಕೆಲಸಕ್ಕ ಹಾಕ್ರಿ."

"ದನದ ಮುಂದ ನಾಚಿಕಿ ಆಗೂದಿಲ್ಲ" ಎಂದರು ಗುರುಗಳು. "ಅಲ್ಲಿ ನೀ ಆರಾಮ ಇರ್ತಿ. ಅದಕ್ಕ ಬ್ಯಾಡ."

ನಿರಂಜನ ಕಟ್ಟಿದ್ದ ಕೈ ಬಿಟ್ಟ.

"ಹಂಗಾರ ನಾಳೆ ಅವರ ಮುಂದ ಏನು ತಗೊಂಡು ಹೋಗ್ಲಿ, ಗುರುಗಳೇ?"

"ನಿನಗೂ ಉತ್ತರ ಗೊತ್ತಿಲ್ಲದ ಒಂದು ಲೆಕ್ಕ."