ಕ್ಯಾಮೆರಾದ ಕಿವಿ

ಅದು ಕಾರ್ತಿಕ ಮಾಸದ ಎರಡನೇ ಸೋಮವಾರ, ಬೆಳಿಗ್ಗೆ ನಡೆದದ್ದು.

ನದಿಯ ದಡದ ಆಶ್ರಮದಲ್ಲಿ ಔಷಧಿಯ ಚೂರ್ಣ ಮಾಡುವ ಒಂದು ಶೆಡ್ ಇತ್ತು. ಆರು ಜನ ಹೆಂಗಸರು ಅಲ್ಲಿ ಕೆಲಸಕ್ಕೆ ಬರುತ್ತಿದ್ದರು. ಶೆಡ್ಡಿನ ಉಸ್ತುವಾರಿ ಶಿಷ್ಯ ನಿರಂಜನನದು.

ಆಶ್ರಮದಲ್ಲೊಂದು ಪದ್ಧತಿ. ಮನಸ್ಸಿನ ಮಾತಿದ್ದವರು ನದಿಯ ಬಳಿಯ ಕಲ್ಲಿನ ಮೇಲೆ ಹೋಗಿ ಕೂರುತ್ತಾರೆ. ಗುರುಗಳು ಹೋಗಿ ಕೇಳುತ್ತಾರೆ. ಉಳಿದವರು, ಯಾರೇ ಆಗಲಿ, ಹನ್ನೆರಡು ಹೆಜ್ಜೆ ದೂರ ನಿಲ್ಲಬೇಕು.

ಗುರುಗಳು ಗಿಡಗಳಿಗೆ ನೀರು ಹಾಕುತ್ತಿದ್ದರು. ನಿರಂಜನ ಎದುರಿಗೆ ಬಂದು ನಿಂತ. ರಾತ್ರಿಯೆಲ್ಲ ನಿದ್ದೆ ಇರಲಿಲ್ಲ.

"ಗುರುಗಳೇ, ಶೆಡ್ಡಿನ ನಾಗವೇಣಿಯವರಿಗೆ ಎದೆಯಲ್ಲಿ ಗಂಟಾಗಿದೆ. ಆಸ್ಪತ್ರೆಗೆ ಹೋಗಿಲ್ಲ. ನಮಗೆ ಗೊತ್ತಾದರೆ ಕೆಲಸದಿಂದ ಬಿಡಿಸುತ್ತೇವೆ ಅಂತ ಹೆದರಿದ್ದಾರೆ."

"ಅವರೇ ನಿನಗೆ ಹೇಳಿದರೇ?"

"ಇಲ್ಲ."

"ಮತ್ತೆ?"

"ಬೀಸುವ ಯಂತ್ರದ ಮೇಲೆ ಕ್ಯಾಮೆರಾ ಇದೆಯಲ್ಲ, ಅದಕ್ಕೆ ಮಾತೂ ಕೇಳಿಸುತ್ತದೆ. ಊಟದ ಹೊತ್ತಿನಲ್ಲಿ ಗೆಳತಿಗೆ ಹೇಳುತ್ತಿದ್ದರು. ನಾನು ಮೊಬೈಲಿನಲ್ಲಿ ಕೇಳಿದೆ."

"ಕ್ಯಾಮೆರಾ ಯಾಕೆ ಹಾಕಿದ್ದು?"

"ಒಂದು ಚೂರ್ಣಕ್ಕೆ ಇನ್ನೊಂದು ಬೆರೆಯಬಾರದು ಅಂತ."

"ಚೂರ್ಣ ಮಾತಾಡುತ್ತದೆಯೇ?"

"ಅದಕ್ಕೆ ಕೇಳಿಸುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಈಗ ನಾನು ಸುಮ್ಮನಿದ್ದರೆ ಅವರ ಜೀವಕ್ಕೆ ಅಪಾಯ. ಬಾಯಿಬಿಟ್ಟರೆ, ಕದ್ದು ಕೇಳಿದ್ದು ಗೊತ್ತಾಗಿ ನನ್ನನ್ನು ಇನ್ನು ಯಾರೂ ನಂಬುವುದಿಲ್ಲ. ಏನು ಮಾಡಲಿ?"

ಗುರುಗಳು ಚೊಂಬು ಕೆಳಗಿಟ್ಟು ಶೆಡ್ಡಿನ ಕಡೆ ಹೊರಟರು.

"ನಿನ್ನದನ್ನು ಹೇಳು. ಅವರದು ನಿನ್ನದಲ್ಲ."

ಇಬ್ಬರೂ ಶೆಡ್ಡಿನೊಳಗೆ ಬಂದಾಗ ಯಂತ್ರ ನಿಂತಿತು. ಆರು ಮುಖಗಳು ತಿರುಗಿದವು. ನಿರಂಜನ ಯಂತ್ರದ ಮೇಲಕ್ಕೆ ಕೈ ತೋರಿಸಿದ.

"ಈ ಕ್ಯಾಮೆರಾಕ್ಕೆ ಮಾತು ಕೇಳಿಸುತ್ತದೆ. ಹಾಕಿದ ದಿನದಿಂದಲೂ ಆಗಾಗ ನಾನು ಕೇಳಿದ್ದೇನೆ. ನಿಮಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು."

ಎಲ್ಲರಿಗಿಂತ ಹಿರಿಯಳಾದ ಸಾಕಮ್ಮ ಸೆರಗಿನಿಂದ ಮುಖದ ಪುಡಿ ಒರೆಸಿಕೊಂಡಳು.

"ನಮ್ಮತ್ತೆನೇ ವಾಸಿ ಕಣಪ್ಪ. ಬಾಗಿಲ ಹಿಂದೆ ನಿಂತ್ಕೊಂಡ್ರೆ ಬಳೆ ಸದ್ದಾದ್ರೂ ಕೇಳ್ಸೋದು."

ಯಾರೂ ನಗಲಿಲ್ಲ.

ನಿರಂಜನ ಎಲ್ಲರೆದುರೇ ಕ್ಯಾಮೆರಾದ ಕಿವಿ ಮುಚ್ಚಿದ. ಹಿಂದೆ ಉಳಿದಿದ್ದ ಮಾತುಗಳನ್ನೆಲ್ಲ ಅಳಿಸಿದ. ಮೊಬೈಲನ್ನು ಸಾಕಮ್ಮನ ಕೈಗೇ ಕೊಟ್ಟು ತೋರಿಸಿದ.

ನಾಗವೇಣಿ ಅವನ ಕಡೆ ನೋಡಲಿಲ್ಲ. ಕೈ ತೊಳೆದುಕೊಂಡಳು. ಹೊರಗೆ ಹೋಗಿ, ನದಿಗೆ ಮುಖ ಮಾಡಿ, ಕಲ್ಲಿನ ಮೇಲೆ ಕೂತಳು.

ಗುರುಗಳು ಅತ್ತ ನಡೆದರು. ನಿರಂಜನ ಬಿಡದೆ ಹಿಂದೆಯೇ ಹೋದ.

"ಗುರುಗಳೇ, ಅವರು ಆ ವಿಷಯವನ್ನೇ ಹೇಳದೆ ಹೋದರೆ? ಇವತ್ತೇ ಡಾಕ್ಟರಿಗೆ ತೋರಿಸಬೇಕು. ನಾನು ಹತ್ತಿರವೇ ಎಲ್ಲಾದರೂ ನಿಂತಿರಲೇ?"

ಗುರುಗಳು ತಿರುಗಿ ನೋಡಲಿಲ್ಲ.

"ಹನ್ನೆರಡು ಹೆಜ್ಜೆ."